ಒಂಬತ್ತನೇ ನಂಬರಿನ ಮೂಟೆ

೬ ಜೂನ್ ೧೯೯೪, ಸೋಮವಾರ

ವಾಚಕರ ಅಂಕಣದಲ್ಲಿ ನನ್ನ ಪತ್ರ ಬಂದಿದೆ. ಬಂದಿದೆ ಎನ್ನುವುದೂ ಅರ್ಧ ಸುಳ್ಳು. ಎರಡು ಹಾಳೆ ಬರೆದಿದ್ದೆ, ಐದು ಸಾಲು ಉಳಿಸಿದ್ದಾರೆ. ಜನರಿಂದ ವಿಷಯ ಮುಚ್ಚಿಡುವ ಸರಕಾರ ಕೊನೆಗೆ ತಾನೇ ಕುರುಡಾಗುತ್ತದೆ ಎಂಬ ನನ್ನ ಮುಖ್ಯ ಮಾತಿಗೇ ಕತ್ತರಿ ಬಿದ್ದಿದೆ. ತುರ್ತು ಪರಿಸ್ಥಿತಿಯಲ್ಲಿ ಸಂಪಾದಕೀಯದ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿದ ಪತ್ರಿಕೆ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಈಗಿನವರಿಗೆ ಖಾಲಿ ಬಿಡುವ ಧೈರ್ಯವೂ ಇಲ್ಲ. ಆ ಜಾಗಕ್ಕೆ ಹಲ್ಲುಪುಡಿಯ ಜಾಹೀರಾತು ಹಾಕುತ್ತಾರೆ.

ಕಾರ್ಖಾನೆಗೆ ಸರಕಿನ ಲಾರಿ ಬಂತು. ಮುಂದೆ ಯಾರಾದರೂ ಈ ಕಂಪನಿಯ ಚರಿತ್ರೆ ಬರೆದರೆ ಉಪಯೋಗಕ್ಕೆ ಬರಲಿ ಎಂದು ಇಲ್ಲಿಯ ಪದ್ಧತಿಯನ್ನು ದಾಖಲಿಸುತ್ತೇನೆ. ಪಾಂಡವಪುರದಲ್ಲಿ ನಾವು ತಯಾರಿಸುವುದು ಹಸುಗಳ ಫೀಡು. ಹಿಂದೆ ಇದ್ದ ಒಬ್ಬ ಮೇಸ್ತ್ರಿ ನಮ್ಮ ಮಿಶ್ರಣದ ಗುಟ್ಟನ್ನು ಕದ್ದು ಬೇರೆ ಊರಿನಲ್ಲಿ ಸ್ವಂತ ಮಿಲ್ಲು ಹಾಕಿದ. ಅಂದಿನಿಂದ ಮಾಲೀಕ ಶಿವಪ್ರಕಾಶ್ ಯಾರನ್ನೂ ನಂಬುವುದಿಲ್ಲ. ಬರುವ ಸರಕನ್ನೆಲ್ಲ ಉಗ್ರಾಣದಲ್ಲಿ ಬಿಳಿ ಚೀಲಕ್ಕೆ ಸುರಿಸಿ, ಹೆಸರಿನ ಬದಲು ನಂಬರು ಬರೆಸುತ್ತಾನೆ. ಮಿಶ್ರಣ ನಡೆಯುವುದು ಮೂರು ರೂಮಿನಲ್ಲಿ. ಒಂದು ರೂಮಿನವರಿಗೆ ಇನ್ನೊಂದು ರೂಮಿನ ಕೆಲಸ ತಿಳಿಯಬಾರದು. ಯಾವ ನಂಬರಿನೊಳಗೆ ಏನಿದೆಯೆಂದು ತಿಳಿದಿರುವುದು ಇಬ್ಬರಿಗೆ: ಮಾಲೀಕನಿಗೆ, ಮತ್ತು ಉಗ್ರಾಣ ನೋಡಿಕೊಳ್ಳುವ ನನಗೆ.

ಹನ್ನೊಂದನೇ ನಂಬರು ಯೂರಿಯಾ. ಹೊಲಕ್ಕೆ ಹಾಕುವುದನ್ನೇ ಚಿಟಿಕೆ ಪ್ರಮಾಣದಲ್ಲಿ ಹಸುವಿಗೂ ಕೊಡುತ್ತಾರೆ ಎಂದರೆ ಎಷ್ಟು ಜನ ನಂಬುತ್ತಾರೆ? ಒಂಬತ್ತನೇ ನಂಬರು ಖನಿಜದ ಪುಡಿ. ಇಂದು ಬಂದದ್ದು ಈ ಒಂಬತ್ತನೇ ನಂಬರು, ಹೊಸ ಕಂಪನಿಯದು, ಅಗ್ಗದ್ದು. ಜೊತೆಗೆ ಬಂದ ಮಾರಾಟದ ಮನುಷ್ಯ, "ಇದ್ರಲ್ಲಿ ಯೂರಿಯಾನೂ ಸೇರಿಸಿಬಿಟ್ಟಿದೀವಿ ಸಾರ್, ನೀವು ಬೇರೆ ಹಾಕೋ ತೊಂದ್ರೆ ಇಲ್ಲ" ಎಂದ. ಮಾಲೀಕರಿಗೂ ಹೇಳಿದ್ದಾನಂತೆ. ಸಂಜೆಯೊಳಗೆ ಎಲ್ಲವನ್ನೂ ಬಿಳಿ ಚೀಲಕ್ಕೆ ಹಾಕಿಸಿ ಒಂಬತ್ತು ಎಂದು ಬರೆಸಿದೆ.

ಮಿಶ್ರಣದ ಮೇಸ್ತ್ರಿ ಚಲುವಯ್ಯ ಚೀಲವನ್ನು ಮೂಸಿ ನೋಡಿ ಬಂದ. ಚಿನಕುರಳಿಯವನು, ನಾಲಗೆಗೆ ಲಗಾಮಿಲ್ಲ.

"ಏನ್ ಆಚಾರ್ರೇ, ಈ ಸಲ ಒಂಬತ್ತು ಮೂಗ್ಗೆ ಒಡೀತದಲ್ಲಾ? ಏನ್ ತಂದು ಸುರುದ್ರಿ?"

"ನಂಬರ್ ಬರೆದಿಲ್ವೇನಯ್ಯಾ? ನೋಡ್ಕೊಂಡು ಹಾಕು."

"ಎಣ್ಣಿನ್ ಮೊಕ ತೋರ್ಸಕಿಲ್ಲ, ತಾಳಿ ಕಟ್ಬುಟ್ಟು ಆಮೇಲ್ ನೋಡ್ಕೊ ಅಂದಂಗಾಯ್ತು ಬುಡಿ" ಎಂದು ನಗುತ್ತ ಹೋದ.

ನಾನೂ ನಕ್ಕೆ. ಆದರೆ ಬಾಯಿ ಬಿಡಲಿಲ್ಲ. ನಾವು ಅಕ್ಕಸಾಲಿಗರ ಮನೆಯವರು. ಬೆಸುಗೆಗೆ ಏನನ್ನು ಎಷ್ಟು ಬೆರೆಸುತ್ತಾರೆಂದು ನಮ್ಮಪ್ಪ ನನಗೂ ತೋರಿಸಿದವರಲ್ಲ. ಆ ಹೊತ್ತಿಗೆ ಗೋಡೆಯ ಕಡೆ ತಿರುಗಿ ನಿಲ್ಲು ಎನ್ನುತ್ತಿದ್ದರು. ಅವರು ಹೋದಮೇಲೆ ಅಂಗಡಿ ಮುಚ್ಚಿತು, ನಿಜ. ಆದರೆ ಗುಟ್ಟು ಯಾರ ಕೈಗೂ ಸಿಗಲಿಲ್ಲ.

೧೫ ಜೂನ್, ಬುಧವಾರ

ಮಳೆ ಹಿಡಿದಿದೆ. ಗೋಡೌನಿನಲ್ಲಿ ಚೀಲಗಳು ತೇವಕ್ಕೆ ಅಲ್ಲಲ್ಲಿ ಗಂಟು ಕಟ್ಟುತ್ತಿವೆ.

ನಾಗು ಡೈರಿಗೆ ಹಾಲು ಹಾಕಿ ಬರಲು ಇಂದೂ ಮುಕ್ಕಾಲು ಗಂಟೆ. ಹೆಂಗಸರೆಲ್ಲ ಕ್ಯಾನು ಕೆಳಗಿಟ್ಟುಕೊಂಡು ಲೋಕಾಭಿರಾಮ ಮಾತಾಡುವ ಜಾಗ ಅದು. ಯಾರ ಹಸು ಈಯಿತು, ಯಾರ ಸೊಸೆ ತವರಿಗೆ ಹೋದಳು, ಯಾರ ಹಸು ಅಕ್ಕಿ ತೊಳೆದ ಕಲಗಚ್ಚು ಕುಡಿದು ನಡುಗಿತು.

"ಏನೂಂದ್ರೆ, ಪುಟ್ಟತಾಯಮ್ಮನ ಹಸು ಜೊಲ್ಲು ಸುರಿಸಿಕೊಂಡು ಬಿದ್ದುಬಿಟ್ಟಿತ್ತಂತೆ. ನಿಮ್ಮ ಫ್ಯಾಕ್ಟ್ರಿ ಫೀಡು..."

"ಡೈರಿ ಮುಂದಿನ ಹರಟೆ ನನ್ನ ಹತ್ತಿರ ತರಬೇಡ" ಎಂದೆ.

ಅವಳು ಕ್ಯಾನು ತೊಳೆಯಲು ಹೋದಳು.

೨೦ ಜೂನ್, ಸೋಮವಾರ

ಕೆ.ಆರ್. ಪೇಟೆಯಿಂದ ದೂರು. ನಾಗಮಂಗಲದಿಂದ ಇನ್ನೂ ದೊಡ್ಡ ದೂರು: ಅಲ್ಲಿ ಒಂದು ಹಸು ಸತ್ತಿದೆ. ಮಾಲೀಕ ನನ್ನನ್ನು ಕರೆದು ಬಾಗಿಲು ಹಾಕಿದ.

"ಆಚಾರ್ರೇ, ನೀವು ಓದ್ಕೊಂಡೋರು, ನಾಲ್ಕ್ ಜನ ನಿಮ್ಮ್ ಮಾತು ಕೇಳ್ತಾರೆ. ಪೇಟೆಗೂ ನಾಗಮಂಗಲಕ್ಕೂ ಒಂದ್ಸಲ ಹೋಗ್ಬನ್ನಿ. ಅಲ್ಲಿ ಆಗಿದ್ದು ಇಲ್ಲಿಗೆ ಗೊತ್ತಾಗ್ಬಾರ್ದು, ಇಲ್ಲಿ ಆಗಿದ್ದು ಅಲ್ಲಿಗೆ ಗೊತ್ತಾಗ್ಬಾರ್ದು. ಬೇರೆ ಎಲ್ಲೂ ಕಂಪ್ಲೇಂಟ್ ಇಲ್ಲ ಅನ್ನಿ, ಸಾಕು."

ಸಿಟ್ಟು ನೆತ್ತಿಗೇರಿತು. ಭೋಪಾಲದಲ್ಲಿ ಆ ರಾತ್ರಿ ಆಸ್ಪತ್ರೆಯ ವೈದ್ಯರು ಜನ ಉಸಿರಾಡಿದ್ದು ಯಾವ ಅನಿಲ ಎಂದು ತಿಳಿಯದೆ ಕತ್ತಲಲ್ಲಿ ತಡಕಾಡಿದರು. ಹತ್ತು ವರ್ಷವಾಗುತ್ತ ಬಂತು, ನಾನು ಮರೆತಿಲ್ಲ. ಅದೇ ಬುದ್ಧಿ ಇಲ್ಲಿ, ನಮ್ಮ ಪಾಂಡವಪುರದಲ್ಲಿ! ಇದರ ಬಗ್ಗೆ ಪತ್ರಿಕೆಗೆ ಬರೆಯಲೇಬೇಕು, ಹೆಸರು ಹಾಕದೆ.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ.

೨೧ ಜೂನ್, ಮಂಗಳವಾರ

ಕೆ.ಆರ್. ಪೇಟೆಯ ನಮ್ಮ ಏಜೆಂಟ್ ಕೆಂಪಣ್ಣ ಅಂಗಡಿಯ ಮುಂದೆ ಚೀಲ ಬಿಚ್ಚಿಟ್ಟುಕೊಂಡೇ ಕೂತಿದ್ದ. ಫೀಡಿನೊಳಗಿನ ಬಿಳಿ ಗಂಟೊಂದನ್ನು ಬೆರಳಲ್ಲಿ ಪುಡಿ ಮಾಡಿ ತೋರಿಸಿದ.

"ಇದೇನ್ ಆಚಾರ್ರೇ?"

"ಮಳೆಗೆ ತೇವ ಆಗಿರಬೇಕು."

"ನಾಗಮಂಗ್ಲದ ಕಡೆ ಎಂಗೈತೆ?"

"ಅಲ್ಲೇನೂ ಇಲ್ಲ."

"ಓಹೋ. ಅಂಗಾರೆ ನಮ್ ತಾಲ್ಲೂಕಿನ್ ದನಗೋಳ್ಗೆ ಮಾತ್ರ ನಾಜೂಕು ಒಟ್ಟೆ ಕೊಟ್ಬುಟ್ಟವ್ನೆ ದ್ಯಾವ್ರು" ಎಂದ. ಕಾಫಿ ತರಿಸಿದ, ಆದರೆ ತಾನು ಕುಡಿಯಲಿಲ್ಲ.

೨೨ ಜೂನ್, ಬುಧವಾರ

ನಾಗಮಂಗಲ. ಹಸು ಕಳೆದುಕೊಂಡ ಮಾರಮ್ಮ ಎಂಬಾಕೆ ಅಂಗಡಿಯ ಜಗಲಿಯಲ್ಲಿ ಕಾಯುತ್ತಿದ್ದಳು. ಕಂಪನಿಯವರು ಬರುತ್ತಾರೆಂದು ಯಾರೋ ಹೇಳಿದ್ದರಂತೆ. ಬೈಯಲು ಬಂದಿದ್ದಾಳೆಂದು ತಿಳಿದೆ. ಬೈಯಲಿಲ್ಲ.

"ಎಲ್ರೂ ಮಾಡೋ ಅಂಗೇ ಮಾಡ್ದೆ ಸ್ವಾಮಿ. ಕಲಗಚ್ಚಿಗೆ ಫೀಡು ನೆನೆ ಆಕಿ ಮುಂದಕ್ಕೆ ಇಟ್ಟೆ. ಕುಡುದ್ ಒಸಿ ಒತ್ಗೆ ನಡುಗ್ತು, ಒಟ್ಟೆ ಉಬ್ಬ್ತು, ಒಂಟೋಯ್ತು. ಬ್ಯಾರೆ ಯಾರ್ ದನಕ್ಕಾರ ಇಂಗಾಗೈತಾ?"

"ಇಲ್ಲಮ್ಮ" ಎಂದೆ.

"ಎಲ್ಲೂ ಇಲ್ವಾ?"

"ಎಲ್ಲೂ ಇಲ್ಲ."

ಅವಳು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. "ಅಂಗಾರೆ ನನ್ ಕೈಯೇ ಕೆಟ್ಟದ್ದು" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕೂರಲು ಜಾಗವಿತ್ತು. ಊರಿನ ತನಕ ನಿಂತೇ ಬಂದೆ.

೨೪ ಜೂನ್, ಶುಕ್ರವಾರ

ಪಶು ವೈದ್ಯರು ಬಾಯಿಮಾತಿನಲ್ಲಿ ತಿಳಿಸಿದ್ದಾರೆ: ಹೊಟ್ಟೆಗೆ ಯೂರಿಯಾ ಹೆಚ್ಚಾಗಿ ಸೇರಿದರೆ ಹೀಗೆ ಆಗುತ್ತದೆ. ಅದೂ ನೀರಿನಲ್ಲಿ ಕರಗಿ ಒಟ್ಟಿಗೇ ಒಳಗೆ ಹೋದರೆ ಉಳಿಯುವುದು ಕಷ್ಟ.

ಮಾಲೀಕನಿಗೆ ಅಷ್ಟೇ ಸಾಕಾಯಿತು. ಹನ್ನೊಂದನ್ನು ಅಳತೆ ಮೀರಿ ಸುರಿದವನು ಚಲುವಯ್ಯ. ಅದೂ ಅಜಾಗರೂಕತೆಯಿಂದಲ್ಲ, ಆ ಹಳೆಯ ಮೇಸ್ತ್ರಿಯ ಜೊತೆ ಸೇರಿ ಬೇಕೆಂದೇ ಕಂಪನಿಯ ಹೆಸರು ಕೆಡಿಸಲು ಎಂದು ತೀರ್ಮಾನಿಸಿದ್ದಾನೆ. ಸೋಮವಾರ ಬೆಳಿಗ್ಗೆ ಪೊಲೀಸರಿಗೆ ದೂರು ಕೊಡುತ್ತಾನಂತೆ. ಚಲುವಯ್ಯ ಅಂಗಳದಲ್ಲಿ ನಿಂತು ಕೂಗಿ ಹೇಳಿದ:

"ಅನ್ನೊಂದು ಏಸು ಆಕ್ತಿದ್ನೋ ಅಸ್ಟೇ ಆಕಿವ್ನಿ. ಒಂದ್ ಪಾವು ಎಚ್ಚಿಲ್ಲ, ಒಂದ್ ಪಾವು ಕಮ್ಮಿ ಇಲ್ಲ. ಅದ್ರೊಳ್ಗೆ ಏನೈತೆ ಅಂತ್ಲೇ ನಂಗ್ ಗೊತ್ತಿಲ್ಲ, ಇಸಾ ಆಕ್ದ ಅಂತೀರಲ್ಲ ಸಾ!"

ಏನೂ ತಿಳಿಯದಂತೆ ಮಾಡಿಟ್ಟು, ಕೊನೆಗೆ ತಪ್ಪನ್ನು ಅವನ ತಲೆಗೆ ಕಟ್ಟುವುದು. ಇದು ದಬ್ಬಾಳಿಕೆ. ದೊರೆಗಳ ಕಾಲದಿಂದ ನಡೆದು ಬಂದದ್ದೇ. ಮಾಲೀಕನ ಮೇಲೆ ಮೂರು ಹಾಳೆ ಬರೆದೆ. ಹರಿದು ಹಾಕಿದೆ. ಮತ್ತೆ ಬರೆದೆ. ಎಲ್ಲಿ ಶುರು ಮಾಡಿದರೂ ನಾಲ್ಕನೇ ಸಾಲಿಗೆ ನಿಂತುಹೋಗುತ್ತದೆ.

ಊಟ ಸೇರಲಿಲ್ಲ.

೨೫ ಜೂನ್, ಶನಿವಾರ

ಒಂಬತ್ತು ಮತ್ತು ಹನ್ನೊಂದು.

ಮಾಲೀಕನಿಗೂ ಗೊತ್ತಿತ್ತು. ಅವನು ಹೇಳಬೇಕಿತ್ತು.

೨೬ ಜೂನ್, ಭಾನುವಾರ

ಕೈ ಇನ್ನೂ ಹುಣಸೆಹುಳಿ ವಾಸನೆ ಹೊಡೆಯುತ್ತಿದೆ. ಸಮಾಧಾನವಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಬೆಳಿಗ್ಗೆ ಹಿತ್ತಲಿಗೆ ಹೋದರೆ ಕಂಪನಿ ಕೊಟ್ಟ ಈ ತಿಂಗಳ ಫೀಡಿನ ಚೀಲ ಹೊಲಿಗೆ ಬಿಚ್ಚದೆ ಹಾಗೇ ಇದೆ. ನಾಗು ನಮ್ಮ ಗೌರಿಗೆ ಬರಿ ಹುಲ್ಲು, ತೌಡು ಹಾಕುತ್ತಿದ್ದಾಳೆ. ನನಗೆ ರೇಗಿಹೋಯಿತು. ಊರೆಲ್ಲ ಕಂಪನಿಯ ಮೇಲೆ ಗೂಬೆ ಕೂರಿಸುವುದು ಸಾಲದೆಂದು ನಮ್ಮ ಮನೆಯಲ್ಲೂ ಇದೇ ಏನು? ಎಲ್ಲ ಚೀಲವೂ ಕೆಟ್ಟಿದೆಯೆ? ಅವಳು ಡೈರಿಗೆ ಹೋಗಿದ್ದಾಗ ನಾನೇ ಚೀಲ ಬಿಚ್ಚಿದೆ. ಬಕೆಟಿನ ಕಲಗಚ್ಚಿಗೆ ಎರಡು ಬೊಗಸೆ ಹೆಚ್ಚಾಗಿಯೇ ಹಾಕಿ, ಕದಡಿ, ಗೌರಿಯ ಮುಂದಿಟ್ಟೆ. ನೋಡಲಿ ಎಲ್ಲರೂ ಎಂದುಕೊಂಡೆ. ಗೌರಿ ಕುಡಿದಳು. ಏನೂ ಆಗಲಿಲ್ಲ. ಗೆದ್ದವನಂತೆ ಪತ್ರಿಕೆ ಹಿಡಿದು ಕೂತೆ.

ಸ್ವಲ್ಪ ಹೊತ್ತಿಗೆ ಹಗ್ಗ ಎಳೆಯುವ ಸದ್ದು. ಗೌರಿಯ ತೊಡೆಗಳು ಅದುರುತ್ತಿದ್ದವು, ಬಾಯಿಂದ ಜೊಲ್ಲು. ನೋಡುತ್ತಿದ್ದಂತೆಯೇ ಮುಂಗಾಲು ಮಡಚಿ ಕುಸಿದಳು. ಅವಳು ಗಬ್ಬ. ನಾನು ಬೀದಿಗೆ ಓಡಿ ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ.

ನಾಗುವಿನ ಹಿಂದೆಯೇ ಪಕ್ಕದ ಮನೆಯ ಪುಟ್ಟತಾಯಮ್ಮ ಬಂದಳು. ಬಕೆಟ್ಟು ನೋಡಿದವಳೇ, "ಅಯ್ಯೋ ನಿನ್ ಮನೆ ಕಾಯ್ವಾಗ! ಗಂಡಸ್ರ ಕೈಗೆ ಯಾಕವ್ವಾ ಬಕೀಟು ಕೊಟ್ಟೆ? ಉಳಿ ತಕ್ಕೊಂಬಾ, ಇರೋ ಬರೋದ್ನೆಲ್ಲಾ ಕಿವುಚು" ಎಂದಳು. ವರ್ಷಕ್ಕಾಗುವಷ್ಟು ಹುಣಸೆಹಣ್ಣು ನೀರಾಯಿತು. ನಾನು ಗೌರಿಯ ತಲೆ ಹಿಡಿದುಕೊಂಡೆ. ಪುಟ್ಟತಾಯಮ್ಮ ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಒಂದೇ ಸಮನೆ ಹುಯ್ದಳು. ಆಮೇಲೆ ಹುಳಿ ಮಜ್ಜಿಗೆ. ಆಮೇಲೆ ತಣ್ಣೀರು. ಮಧ್ಯಾಹ್ನ ಡಾಕ್ಟರು ಬಂದು ನೋಡಿ, "ಹುಳಿ ಕೊಟ್ಟಿದ್ದು ಒಳ್ಳೇದಾಯ್ತು" ಎಂದರು. ಸಂಜೆ ಗೌರಿ ಎದ್ದು ನಿಂತಳು.

ಡೈರಿಯ ಮುಂದೆ ಹತ್ತು ದಿನದಿಂದ ಇದೇ ಮಾತಂತೆ. ಹಳೆಯ ಚೀಲ ಇದ್ದವರ ಹಸುಗಳಿಗೆ ಏನೂ ಇಲ್ಲ. ಹೊಸ ಚೀಲದ ಫೀಡನ್ನು ನೆನೆಸದೆ ಒಂದಿಷ್ಟು ಹುಲ್ಲಿನ ಮೇಲೆ ಉದುರಿಸಿದವರ ಹಸುಗಳಿಗೂ ಅಷ್ಟಾಗಿ ಇಲ್ಲ. ನೆನೆಸಿ ಕುಡಿಸಿದವರದ್ದೇ ಬೀಳುತ್ತಿವೆ. ಒಬ್ಬಳು ಒಂದು ಹೇಳಿ, ಇನ್ನೊಬ್ಬಳು ಇನ್ನೊಂದು ಸೇರಿಸಿ, ಬೆಳಗೊಳದಿಂದ ಬಂದ ಯಾರೋ ಹುಳಿಯ ವಿಷಯ ತಿಳಿಸಿ, ಎಲ್ಲರಿಗೂ ಎಲ್ಲವೂ ಗೊತ್ತಾಗಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಎಂದು ನಾಗುವನ್ನು ಕೇಳಿದೆ.

"ಹೇಳೋಕೆ ಬಂದಿದ್ನಲ್ಲಾ" ಎಂದಳು. ಅಷ್ಟೇ ಹೇಳಿ ಗೌರಿಯ ಕೊರಳಿನ ಗಂಗೆದೊಗಲು ಸವರುತ್ತ ಕೂತಳು.

ಡೈರಿಯವರಿಗೆ ತಿಳಿಯದಿರುವುದು ಒಂದೇ ಒಂದು. ಅದು ಯಾಕೆ ಆಯಿತು ಎಂಬುದು.

೨೭ ಜೂನ್, ಸೋಮವಾರ

ನಾನು ಹೋಗುವ ಹೊತ್ತಿಗೆ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಮೂರು ರೂಮಿನವರು, ಹಮಾಲರು, ಗೇಟಿನವನು. ಚಲುವಯ್ಯ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಠಾಣೆಗೆ ಕರೆದೊಯ್ದರೆ ಮರ್ಯಾದೆಯಾಗಿ ಕಾಣಲಿ ಎಂದಿರಬೇಕು. ಮಾಲೀಕ ಕಾರಿನ ಬಾಗಿಲು ಹಿಡಿದು ನಿಂತಿದ್ದ.

ಗಟ್ಟಿಯಾಗಿ ಹೇಳಿದೆ: "ಹನ್ನೊಂದು ಅಂದರೆ ಯೂರಿಯಾ. ಒಂಬತ್ತು ಅಂದರೆ ಖನಿಜದ ಪುಡಿ. ಈ ಸಲ ಬಂದ ಒಂಬತ್ತರಲ್ಲೂ ಯೂರಿಯಾ ಸೇರಿದೆ. ಚಲುವಯ್ಯ ಎರಡನ್ನೂ ಎಂದಿನಂತೆ ಹಾಕಿದ. ಅಳತೆ ತಪ್ಪಿಲ್ಲ. ಚೀಲದೊಳಗಿನದು ಬದಲಾಗಿದೆ ಅಂತ ಅವನಿಗೆ ಯಾರೂ ಹೇಳಲಿಲ್ಲ."

"ಆಚಾರ್ರೇ! ಒಳಕ್ಕೆ ಬನ್ನಿ, ಒಳಗ್ ಕೂತು ಮಾತಾಡಣ."

"ಒಳಗೆ ಮಾತಾಡಿದ್ದು ಸಾಕು ಸಾರ್. ಪೇಟೆಯಲ್ಲೂ ಬಿದ್ದಿವೆ, ನಾಗಮಂಗಲದಲ್ಲೂ ಬಿದ್ದಿವೆ, ಇಲ್ಲಿ ನನ್ನ ಮನೆಯಲ್ಲೂ ಬಿದ್ದಿದೆ. ಮೊದಲು ಫೋನ್ ಮಾಡಿ ಚೀಲ ನಿಲ್ಲಿಸಿ."

ಶಿವಪ್ರಕಾಶನ ಮುಖ ಬಿಳಿಚಿತು. ಅವನು ಕೆಟ್ಟವನಲ್ಲ, ಹೆದರಿದವನು. ನನಗೆ ಮಾತ್ರ ಕೇಳುವಂತೆ, "ನೀವು ಮಿಶ್ರಣದೋರಿಗೆ ಹೇಳಿರ್ತೀರಿ ಅನ್ಕೊಂಡೆ" ಎಂದ.

"ಹೇಳಬೇಡಿ ಅಂದವರು ನೀವು."

"ಹೂಂ" ಎಂದ. ಫೋನು ಮಾಡಲು ಒಳಗೆ ಹೋದ. ಠಾಣೆಗೆ ಹೋಗಲಿಲ್ಲ.

ಚಲುವಯ್ಯ ನನ್ನ ಹತ್ತಿರ ಬಂದ. ಕೈ ಹಿಡಿಯುತ್ತಾನೆಂದುಕೊಂಡಿದ್ದೆ.

"ಅವತ್ತೇ ಕೇಳ್ದೆ ಕಣ್ರೀ ಆಚಾರ್ರೇ. ಮೂಗ್ಗೆ ಒಡೀತದೆ ಅಂದೆ. ಒಂದ್ ಮಾತು ಏಳಿದ್ರೆ ಆಗೋಗೋದು" ಎಂದು ಬುತ್ತಿಯ ಡಬ್ಬಿ ಎತ್ತಿಕೊಂಡು ಗೇಟು ದಾಟಿ ಹೋದ.

ಒಂದು ಉಪಕಾರದ ಮಾತಾದರೂ ಆಡಬಹುದಿತ್ತು ಎಂದು ಬರೆಯಹೊರಟೆ. ಬರೆಯುವುದಿಲ್ಲ.

೩೦ ಜೂನ್, ಗುರುವಾರ

ಯಾರೂ ಕಳಿಸಲಿಲ್ಲ, ರಜೆ ಹಾಕಿ ಕೆ.ಆರ್. ಪೇಟೆಗೆ ಹೋದೆ. ಕೆಂಪಣ್ಣ ಎಲ್ಲವನ್ನೂ ಕೇಳಿ, "ನಿಮ್ಗೆ ಅವತ್ತು ಕಾಪಿ ಕುಡ್ಸಿದ್ದು ದಂಡ" ಎಂದ. ಮತ್ತೆ ಕಾಫಿ ತರಿಸಿದ, ಈ ಸಲ ತಾನೂ ಕುಡಿದ. ಬಸ್ಸಿಗೆ ಹತ್ತಿಸುವಾಗ, "ನಾಗಮಂಗ್ಲದೋರ ಅಂಗ್ಡಿ ಪೋನ್ ನಂಬರ್ ಕೊಡಿ ಮತ್ತೆ. ಇನ್ಮೇಲೆ ನಾವ್ನಾವೇ ಮಾತಾಡ್ಕತೀವಿ" ಎಂದ. ಕೊಟ್ಟೆ.

ನಾಗಮಂಗಲದಲ್ಲಿ ಮಾರಮ್ಮನ ಮನೆ ಹುಡುಕಿದೆ. ಖಾಲಿ ಕೊಟ್ಟಿಗೆಯಲ್ಲಿ ರಾಗಿ ಕೇರುತ್ತಿದ್ದಳು. ಎಲ್ಲ ಕಡೆಯೂ ಹೀಗಾಗಿದೆ, ತಪ್ಪು ನಮ್ಮ ಚೀಲದ್ದು, ನಿನ್ನ ಕೈಯದಲ್ಲ ಎಂದೆ. ಮೊರ ಕೆಳಗಿಟ್ಟಳು.

"ಅವತ್ತು ಎಲ್ಲೂ ಇಲ್ಲ ಅಂದ್ರಿ. ನಮ್ಮತ್ತೆ ಎಂಟು ದಿನದಿಂದ ನನ್ ಕೈಲಿ ಮುಸುರೆ ಮುಟ್ಟುಸ್ತಿಲ್ಲ. ಎಮ್ಮೆ ಕಟ್ಟಿರೋ ತಾವಿಕ್ಕೂ ಬುಡ್ತಿಲ್ಲ. ಬನ್ನಿ, ಇದ್ನೇ ಅವ್ರ್ ಮುಂದೆ ಏಳಿ. ಗಟ್ಟಿಯಾಗಿ ಏಳಿ, ಅವ್ರಿಗೆ ಕಿವಿ ಮಂದ."

ಆ ಮುದುಕಿಯ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದೆ. ಅಕ್ಕಪಕ್ಕದವರು ಬಂದು ನಿಂತರು. ಅವರಿಗಾಗಿ ಇನ್ನೊಮ್ಮೆ ಹೇಳಿದೆ. "ಎಲ್ಲೂ ಇಲ್ಲ ಎಂದು ಹೇಳಿದವನು ನಾನೇ" ಎಂಬುದನ್ನೂ ಹೇಳಬೇಕಾಯಿತು, ಯಾರೋ ಕೇಳಿದರು. ಒಬ್ಬಾತ ಬೈದ. ಮಾರಮ್ಮ, "ಬುಡಿ, ಈಗ್ಲಾರ ಬಂದವ್ರಲ್ಲಾ" ಎಂದಳು.

ಬಸ್ಸಿನಲ್ಲಿ ಕೂತೆ. ಪಾಂಡವಪುರದ ತನಕ ನಿದ್ದೆ.

೫ ಜುಲೈ, ಮಂಗಳವಾರ

ಚಲುವಯ್ಯ ಕೆಲಸಕ್ಕೆ ಬಂದಿದ್ದಾನೆ. ಸುಮ್ಮನೆ ಬರಲಿಲ್ಲ. ಎಲ್ಲರೆದುರು ಮಾಲೀಕರು ತಪ್ಪಾಯಿತು ಎನ್ನಬೇಕು, ಯಾವ ಚೀಲದಲ್ಲಿ ಏನಿದೆಯೆಂದು ಹೇಳದೆ ಇನ್ನು ಒಂದು ಸೇರು ಕೂಡ ಸುರಿಯುವುದಿಲ್ಲ ಎಂದು ಹೇಳಿ ಕಳಿಸಿದ್ದ. ಮಾಲೀಕ ಎರಡಕ್ಕೂ ಒಪ್ಪಿದ. ಸತ್ತ ಹಸುಗಳಿಗೆ ಬದಲು ಹಸು ಕೊಡಿಸಲು ಶಿವಪ್ರಕಾಶ್ ಒಪ್ಪಿದ್ದಾನೆ. ಕೊಡಿಸುತ್ತಾನೋ ಇಲ್ಲವೋ ನೋಡೋಣ, ನಾನು ಮರೆಯುವವನಲ್ಲ. ನನ್ನನ್ನು ಕೆಲಸದಿಂದ ತೆಗೆಯುವ ಮಾತೂ ಎತ್ತಿದ್ದ. ಉಗ್ರಾಣದಲ್ಲಿ ಏನೇನಿದೆಯೆಂದು ಬೇರೆ ಯಾರಿಗೂ ತಿಳಿಯದಿರುವುದರಿಂದ ತೆಗೆಯಲು ಆಗಲಿಲ್ಲವಂತೆ.

ಬೆಳಿಗ್ಗೆ ಮೂರು ರೂಮಿನವರನ್ನೂ ಅಂಗಳದಲ್ಲಿ ಕೂರಿಸಿ ನಂಬರುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಮಾಲೀಕ ಕೈ ಮುಗಿಯುವಂತೆ, "ಹೆಸರು ಹೇಳಿ, ಪರವಾಗಿಲ್ಲ. ಪ್ರಮಾಣ ಒಂದು ನನ್ನ ಹತ್ರ ಇರ್ಲಿ" ಎಂದ.

ಚಲುವಯ್ಯ ನಕ್ಕುಬಿಟ್ಟ. "ಪ್ರಮಾಣ ನಮ್ಗೆ ಗೊತ್ತಿಲ್ವಾ ಸಾ? ದಿನಾ ಅಳ್ದು ಸುರಿಯೋರು ನಾವಲ್ವಾ? ಮೂರ್ ರೂಮಿನೋರು ಒಂದ್ ದಪ ಟೀಗೆ ಕುಂತ್ರೆ ನಿಮ್ ಗುಟ್ಟು ಒಂಟೋಯ್ತದೆ. ಮಾರ್ಕೊಳಂಗಿದ್ರೆ ಯಾವತ್ತೋ ಮಾರ್ಕೊತಿದ್ದೊ."

ಶಿವಪ್ರಕಾಶನಿಗೂ ನಗು ಬಂತು, ತಡೆಯಲಾಗಲಿಲ್ಲ.

ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಕಡಲೆಹಿಂಡಿ ಒಂದು ವರ್ಷದಿಂದ ಹಸಿಯಾಗಿ ಬರುತ್ತಿದೆಯಂತೆ, ಚಲುವಯ್ಯನೇ ಬಿಸಿಲಿಗೆ ಹರಡಿ ಒಣಗಿಸುತ್ತಿದ್ದನಂತೆ. ಎರಡನೇ ರೂಮಿನ ತಕ್ಕಡಿ ಮಳೆಗಾಲದಲ್ಲಿ ಅಂಟಿಕೊಳ್ಳುತ್ತದಂತೆ. ಕಳೆದ ಬೇಸಿಗೆಯಲ್ಲಿ ಇಲಿ ಕೊರೆದ ಚೀಲಗಳನ್ನು ಹಮಾಲರು ಬೇರೆ ಇಟ್ಟಿದ್ದರಂತೆ, ಯಾರೋ ತಿರುಗಿ ಒಳಗೆ ಸೇರಿಸಿದರಂತೆ. "ಇದನ್ನೆಲ್ಲ ಯಾಕೆ ಹೇಳಲಿಲ್ಲ?" ಎಂದು ನಾನು ರೇಗಿದೆ. "ಯಾರ್ ಕೇಳಿದ್ರಿ?" ಎಂದರು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಈ ದೇಶದಲ್ಲಿ ಕೇಳುವವರೇ ಇಲ್ಲದಂತಾಗಿದೆ. ಇದರ ಬಗ್ಗೆ ಪತ್ರಿಕೆಗೆ ಬರೆಯಬೇಕು, ಎಷ್ಟು ಸಾಲು ಉಳಿಸುತ್ತಾರೋ ಉಳಿಸಲಿ.

ಗೌರಿ ಚೆನ್ನಾಗಿದ್ದಾಳೆ. ಪಾಲಹಳ್ಳಿಯ ಕಡೆ ಯಾರದೋ ಕರುವಿಗೆ ಬಾಯಿಹುಣ್ಣು ಬಂದಿದೆಯೆಂದು ನಾಗು ಇಂದು ಡೈರಿಯಿಂದ ಸುದ್ದಿ ತಂದಳು. ಯಾರ ಕರು, ಎಷ್ಟು ದಿನವಾಯಿತು, ಏನು ಹಚ್ಚಿದರು ಎಂದರೆ ಒಂದಕ್ಕೂ ಸರಿಯಾದ ಉತ್ತರವಿಲ್ಲ. ಅರ್ಧ ಕೇಳಿಸಿಕೊಂಡು ಬಂದುಬಿಡುತ್ತಾಳೆ. ನಾಳೆಯಿಂದ ಬೆಳಗಿನ ಹಾಲು ನಾನೇ ತೆಗೆದುಕೊಂಡು ಹೋಗುತ್ತೇನೆ.